ತೂಗುಸೇತುವೆಯ ಫೋಟೊ ಬೇಕಾ? ಮೊದಲು ಸೇತುವೆಯಿಂದ ಇಳಿಯಿರಿ

ರಜೆ ಮುಗಿದ ಸೋಮವಾರ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕುಶಾಲನಗರದ ನಿಸರ್ಗಧಾಮಕ್ಕೆ ಹೋಗಿದ್ದೆವು. ತೂಗುಸೇತುವೆ ನೋಡಲು ಅಷ್ಟು ಚೆನ್ನಾಗಿತ್ತು, ಫೋಟೊದಲ್ಲಿ ಮಾತ್ರ ತಂತಿ ಬೇಲಿ ಥರ ಬಂದಿದೆ. ಯಾಕೆ?" ಜೊತೆಗೆ ಕಳಿಸುವ ಚಿತ್ರವೂ ಒಂದೇ. ಸೇತುವೆ ನಡುವೆ ನಿಂತಿದ್ದಾರೆ. ಎದುರಿಗೆ ಬರುವವರ ತಲೆಗಳು, ಎರಡೂ ಕಡೆ ಜಾಲರಿ, ಮೇಲೆ ಬಿಳಿಚಿಕೊಂಡ ಆಕಾಶ. ನದಿ ಕಾಣುತ್ತಿಲ್ಲ. ಹಗ್ಗದ ಬಾಗೂ ಕಾಣುತ್ತಿಲ್ಲ.

ಕಾರಣ ಸರಳ. ಜಗಲಿಯಲ್ಲಿ ನಿಂತುಕೊಂಡು ಮನೆಯ ಮುಂಭಾಗದ ಫೋಟೊ ತೆಗೆಯಲು ಆಗುತ್ತದಾ? ಇದೂ ಹಾಗೆಯೇ. ಸೇತುವೆ ಕಾಣಬೇಕಾದರೆ ಅದರಿಂದ ದೂರ ಹೋಗಬೇಕು. ಎಷ್ಟು ದೂರ, ಯಾವ ಕಡೆ, ಎಷ್ಟು ಹೊತ್ತಿಗೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ. ನಿಸರ್ಗಧಾಮದ ಸೇತುವೆಗೂ ಇದು ನಡೆಯುತ್ತದೆ, ನಿಮ್ಮ ತೋಟದ ಪಕ್ಕದ ಹೊಳೆಗೆ ಹಾಕಿರುವ ಕಬ್ಬಿಣದ ಕಾಲುಸೇತುವೆಗೂ ನಡೆಯುತ್ತದೆ.

ಏನೇನು ಬೇಕು?

ಫೋನ್ ಸಾಕು. ಸುಮ್ನೆ ಹೇಳುತ್ತಿಲ್ಲ, ಇಲ್ಲಿ ಹೇಳುವ ಮುಕ್ಕಾಲು ಪಾಲು ಫೋನಿನಲ್ಲೇ ಆಗುತ್ತದೆ. ಕ್ಯಾಮೆರಾ ಇದ್ದರೆ 24ರಿಂದ 70 ಮಿ.ಮೀ. ವ್ಯಾಪ್ತಿಯ ಲೆನ್ಸ್ ಒಂದೇ ಸಾಕು. ಒಂದು ಸಣ್ಣ ಟ್ರೈಪಾಡ್, ಲೆನ್ಸ್ ಒರೆಸುವ ಮೆತ್ತನೆ ಬಟ್ಟೆ ಎರಡು (ಒಂದು ಖಂಡಿತ ಒದ್ದೆಯಾಗುತ್ತದೆ), ಫೋನಿಗೆ ಕೈಗೆ ಸಿಕ್ಕಿಸಿಕೊಳ್ಳುವ ದಾರ. ಮಳೆಗಾಲವಾದರೆ ಕೊಡೆ, ಜಿಗಣೆಗೆ ಉಪ್ಪಿನ ಪೊಟ್ಟಣ. ಕೊಡಗಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಬೆಂಗಳೂರಿನಿಂದ ಬರುವವರಿಗೆ ಹೇಳುತ್ತಿದ್ದೇನೆ.

1. ಸೇತುವೆಯನ್ನು ಒಮ್ಮೆ ಸರಿಯಾಗಿ ನೋಡಿ

ಕ್ಯಾಮೆರಾ ತೆಗೆಯುವ ಮೊದಲು ಐದು ನಿಮಿಷ ನೋಡಿ. ಎರಡು ದಡದಲ್ಲಿ ಎತ್ತರದ ಕಂಬಗಳಿವೆ. ಕಂಬದಿಂದ ಕಂಬಕ್ಕೆ ಉಕ್ಕಿನ ದಪ್ಪ ಹಗ್ಗ ಜೋತು ಬಿದ್ದಿದೆ, ಇದು ಮುಖ್ಯ ಕೇಬಲ್. ಅದರಿಂದ ನೇರ ಕೆಳಗೆ ಸಾಲಾಗಿ ಇಳಿದಿರುವ ಸಣ್ಣ ಸರಳುಗಳು ತೂಗುಕಂಬಿಗಳು. ಅವು ಹಿಡಿದುಕೊಂಡಿರುವುದು ನಾವು ನಡೆಯುವ ಹಾಸನ್ನು. ನಮ್ಮ ಭಾರ ಹಾಸಿನಿಂದ ಕಂಬಿಗೆ, ಕಂಬಿಯಿಂದ ಕೇಬಲ್ಲಿಗೆ ಹೋಗುತ್ತದೆ. ಕೇಬಲ್ ಅದನ್ನು ಕಂಬಕ್ಕೂ ದಡದಲ್ಲಿ ಹೂತಿಟ್ಟ ಕಾಂಕ್ರೀಟಿಗೂ ದಾಟಿಸುತ್ತದೆ.

ಇಷ್ಟು ತಿಳಿದರೆ ಚೌಕಟ್ಟಿನಲ್ಲಿ ಏನು ಇರಲೇಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಒಂದು ಕಂಬದ ತುದಿ ಬೇಕು, ಕೇಬಲ್ ಅತಿ ಕೆಳಗೆ ಬರುವ ನಡುಮಧ್ಯ ಬೇಕು. ಇವೆರಡರಲ್ಲಿ ಒಂದು ಕತ್ತರಿಸಿ ಹೋದರೂ ಸೇತುವೆ ತೂಗುತ್ತಿದೆ ಅನ್ನುವುದೇ ನೋಡುವವರಿಗೆ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಕಡೆಯ ತೂಗುಸೇತುವೆಗಳು ತೆಳ್ಳಗೆ. ಪಕ್ಕದ ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಕೊಡಗಿನ ಬೆಟ್ಟದಲ್ಲೇ ಹುಟ್ಟುವ ಹೊಳೆ ಅದು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಕಡಿಮೆ ಖರ್ಚಿನಲ್ಲಿ, ಲಾರಿ ಹೋಗದ ಜಾಗದಲ್ಲೂ ಕಟ್ಟಬಹುದು ಅನ್ನುವುದೇ ಇಂಥ ಸೇತುವೆಯ ಗುಣ. ಆದರೆ ಖರ್ಚು ಕಡಿಮೆ ಮಾಡಿದ ಆ ತೆಳುವೇ ಫೋಟೊದವರಿಗೆ ತಲೆನೋವು. ಬೂದು ಬಣ್ಣದ ಸಪೂರ ತಂತಿ ಕಾಡಿನ ಮುಂದೆ ಮಾಯವಾಗಿಬಿಡುತ್ತದೆ. ಇದಕ್ಕೆ ಮದ್ದು 4ನೇ ಹಂತದಲ್ಲಿದೆ.

2. ದಿಕ್ಕು ಮತ್ತು ಹೊತ್ತು

ಫೋನಿನ ದಿಕ್ಸೂಚಿ ತೆಗೆದು ಸೇತುವೆ ಯಾವ ದಿಕ್ಕಿಗೆ ಚಾಚಿದೆ ನೋಡಿಕೊಳ್ಳಿ. ಕುಶಾಲನಗರದ ಹತ್ತಿರ ಕಾವೇರಿ ಹೆಚ್ಚುಕಡಿಮೆ ಉತ್ತರಕ್ಕೆ ಹರಿಯುತ್ತಾಳೆ, ಆಚೆ ದಡ ಮೈಸೂರು ಜಿಲ್ಲೆ. ಅಂದರೆ ಹೊಳೆಗೆ ಅಡ್ಡ ಹಾಕಿದ ಸೇತುವೆ ಪೂರ್ವ–ಪಶ್ಚಿಮವಾಗಿ ಇರುತ್ತದೆ. ಹೊಳೆ ತಿರುವು ತೆಗೆದುಕೊಂಡ ಕಡೆ ಇದು ಬದಲಾಗುತ್ತದೆ, ಅದಕ್ಕೇ ದಿಕ್ಸೂಚಿ ಬೇಕು.

ಪೂರ್ವ–ಪಶ್ಚಿಮದ ಸೇತುವೆಗೆ ನವೆಂಬರಿನಿಂದ ಜನವರಿವರೆಗೆ ಬಿಸಿಲು ಇಡೀ ದಿನ ದಕ್ಷಿಣದ ಕಡೆಯಿಂದ ಬೀಳುತ್ತದೆ. ಆಗ ನೀರು ಬರುವ ಕಡೆ, ಅಂದರೆ ಮೇಲ್ದಿಕ್ಕಿನಲ್ಲಿ ನಿಂತರೆ ಸೇತುವೆಗೆ ಬೆಳಕು ನೇರ ಸಿಗುತ್ತದೆ. ನೀರು ಹೋಗುವ ಕಡೆ ನಿಂತರೆ ಸೇತುವೆ ಕಪ್ಪು ನೆರಳಾಗಿ ಕಾಣುತ್ತದೆ. ಮೇ, ಜೂನ್, ಜುಲೈಯಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ವಾಲಿರುತ್ತಾನೆ, ಲೆಕ್ಕ ಉಲ್ಟಾ. ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಸೂರ್ಯ ನೆತ್ತಿಗೇ ಬರುತ್ತಾನೆ. ಆ ದಿನಗಳಲ್ಲಿ 11ರಿಂದ 2ರವರೆಗೆ ಕ್ಯಾಮೆರಾ ಚೀಲದಲ್ಲಿಟ್ಟು ಊಟ ಮಾಡಿ.

ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಚೆಂದ ಅಂತ ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ ನಿಸರ್ಗಧಾಮದ ಗೇಟು ತೆರೆಯುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಸಂಜೆ ಬಣ್ಣ ಬರುವ ಮೊದಲೇ ಮುಚ್ಚುತ್ತಾರೆ. ಹಾಗಾಗಿ ಅಲ್ಲಿಗೆ ಮೋಡದ ದಿನ ಹೋಗಿ. ಮೋಡ ಇಡೀ ಆಕಾಶವನ್ನು ದೊಡ್ಡ ದೀಪ ಮಾಡಿಬಿಡುತ್ತದೆ, ಉಕ್ಕಿನ ಮೇಲೆ ಕಣ್ಣು ಚುಚ್ಚುವ ಹೊಳಪು ಇರುವುದಿಲ್ಲ. ಊರಿನ ಸೇತುವೆಗಳಿಗೆ ಗೇಟಿಲ್ಲ. ಡಿಸೆಂಬರ್ ಬೆಳಿಗ್ಗೆ ಆರೂವರೆಗೆ ಹೋಗಿ ನಿಂತರೆ ನೀರಿನ ಮೇಲೆ ಮಂಜು ಎದ್ದಿರುತ್ತದೆ. ಸೇತುವೆಯ ಅರ್ಧ ಮಾತ್ರ ಕಾಣುತ್ತದೆ, ಆಚೆ ದಡ ಇರುವುದೇ ಇಲ್ಲ. ಅದಕ್ಕಿಂತ ಒಳ್ಳೆ ಹಿನ್ನೆಲೆಯನ್ನು ದುಡ್ಡು ಕೊಟ್ಟರೂ ಕಟ್ಟಿಸಲು ಆಗುವುದಿಲ್ಲ.

ಕಾಲದ ಬಗ್ಗೆ ನನ್ನ ಅಭಿಪ್ರಾಯ: ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆಗಾಲದ ಕೆಂಪು ನೀರು ತಿಳಿಯಾಗಿರುತ್ತದೆ, ಹೊಳೆಯೂ ತುಂಬಿರುತ್ತದೆ. ಮಾರ್ಚ್ ಹೊತ್ತಿಗೆ ಬಂಡೆ ಎದ್ದಿರುತ್ತದೆ, ಜನ ಜಾಸ್ತಿ. ಆದರೆ ಹೂಮಳೆ ಬಂದ ಮರುದಿನ ಮಾತ್ರ ತಪ್ಪಿಸಬೇಡಿ. ಕಾಫಿ ಹೂವಿಗೆ ಬೇಕಾದ ಆ ಮಳೆ ಗಾಳಿಯ ಧೂಳನ್ನೂ ತೊಳೆದು ಹೋಗಿರುತ್ತದೆ.

3. ನಿಲ್ಲುವ ಜಾಗ ಹುಡುಕಿ

ದಡದಲ್ಲಿ ಸೇತುವೆಯಿಂದ ದೂರಕ್ಕೆ ನಡೆಯಿರಿ. ಸೇತುವೆ ಎಷ್ಟು ಉದ್ದ ಇದೆಯೋ ಹತ್ತಿರ ಹತ್ತಿರ ಅಷ್ಟೇ ದೂರ ಹೋಗಿ ತಿರುಗಿ ನೋಡಿ. ಈಗ ಎರಡು ಕಂಬ, ನಡುವಿನ ಬಾಗು, ಕೆಳಗಿನ ನೀರು ಮೂರೂ ಒಟ್ಟಿಗೆ ಕಾಣಬೇಕು. ಪೊದೆ ಅಡ್ಡ ಬಂದರೆ ಇನ್ನಷ್ಟು ಹೋಗಿ ಫೋನಿನ ಜೂಮಿನಲ್ಲಿ 2x ಒತ್ತಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು 0.5x. ಅಗಲ ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಹತ್ತಿರದ ಕಂಬ ತೆಂಗಿನ ಮರದಷ್ಟು, ಆಚೆ ಕಂಬ ಬೆಂಕಿಕಡ್ಡಿಯಷ್ಟು. ನಡುವಿನ ಬಾಗು ಎಲ್ಲೋ ಕಳೆದುಹೋಗುತ್ತದೆ. ದೂರ ಹೋಗಿ 2x ಅಥವಾ 3xನಲ್ಲಿ ತೆಗೆದರೆ ಎರಡು ಕಂಬವೂ ಸರಿಸಮ ನಿಲ್ಲುತ್ತವೆ.

ನಿಂತ ಎತ್ತರವೂ ಮುಖ್ಯ. ಕುಕ್ಕರುಗಾಲಲ್ಲಿ ಕೂತರೆ ಹಾಸಿನ ಕೆಳಭಾಗ ಕಾಣುತ್ತದೆ, ಸೇತುವೆ ಮರಗಳಿಗಿಂತ ಮೇಲಕ್ಕೆ ಏಳುತ್ತದೆ. ದಡದ ಏರಿ ಹತ್ತಿದರೆ ಹಾಸು, ಅದರ ಮೇಲಿನ ಜನ, ಹಿಂದಿನ ನೀರು ಕಾಣುತ್ತದೆ. ಎರಡೂ ತೆಗೆದು ನೋಡಿ, ನನಗೆ ಕೂತು ತೆಗೆದದ್ದೇ ಇಷ್ಟ.

ಎಚ್ಚರಿಕೆ: ನೀರಿನ ಅಂಚಿನ ಬಂಡೆ ಹಸಿರಾಗಿ ಕಂಡರೆ ಅದು ಪಾಚಿ, ಕಾಲಿಡಬೇಡಿ. ಕುಶಾಲನಗರದಲ್ಲಿ ಬಿಸಿಲಿದ್ದರೂ ಮೇಲೆ ಭಾಗಮಂಡಲದಲ್ಲಿ ಮಳೆ ಹೊಡೆಯುತ್ತಿರಬಹುದು, ಆ ನೀರು ಇಳಿದು ಬಂದಾಗ ನಿಮ್ಮ ಬಂಡೆ ಮುಳುಗುತ್ತದೆ. 2018 ಮತ್ತು 2019ರ ಆಗಸ್ಟಿನಲ್ಲಿ ಕುಶಾಲನಗರದ ಬಡಾವಣೆಗಳಿಗೇ ಹೊಳೆ ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಮಳೆಗಾಲದಲ್ಲಿ ದಡದ ಮೇಲಿನಿಂದಲೇ ತೆಗೆಯಿರಿ. ಬೇಲಿ ಇದ್ದರೆ ಬೇಲಿ ದಾಟಬೇಡಿ. ಹೊಳೆಯಲ್ಲಿ ಸ್ನಾನ ಮಾಡುವವರು, ಬಟ್ಟೆ ಒಗೆಯುವವರು ಇದ್ದರೆ ಆ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ.

4. ಹಗ್ಗದ ಹಿಂದೆ ಏನಿದೆ ನೋಡಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕೇಬಲ್ ಕಾಣಬೇಕಾದರೆ ಅದು ಹಿನ್ನೆಲೆಗಿಂತ ಕಪ್ಪಗಿರಬೇಕು ಅಥವಾ ಬೆಳ್ಳಗಿರಬೇಕು. ನಡುವಿನದ್ದು ಆಗಬಾರದು. ಹಿಂದೆ ಆಕಾಶ ಇದ್ದರೆ ಕೇಬಲ್ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಹಿಂದೆ ನೆರಳಿನಲ್ಲಿರುವ ಬಿದಿರು ಮೆಳೆ ಇದ್ದು, ಕೇಬಲ್ ಮೇಲೆ ಓರೆ ಬಿಸಿಲು ಬಿದ್ದರೆ ಬೆಳ್ಳಿ ಗೆರೆಯಾಗಿ ಕಾಣುತ್ತದೆ. ಹಿಂದೆ ಬಿಸಿಲು ಬಿದ್ದ ಎಲೆ ಇದ್ದರೆ ಮುಗಿಯಿತು, ಮಚ್ಚೆ ಮಚ್ಚೆ ಹಸಿರಿನಲ್ಲಿ ತಂತಿ ಕರಗಿಹೋಗುತ್ತದೆ. ಮೇಲೆ ಹೇಳಿದ 'ತಂತಿ ಬೇಲಿ' ಫೋಟೊಗಳಲ್ಲಿ ಅರ್ಧದಷ್ಟು ಇದೇ ಕಥೆ.

ಪರಿಹಾರಕ್ಕೆ ದುಡ್ಡು ಬೇಡ. ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ಇಡಿ. ಒಂದು ಸಲ ಕೂತು, ಒಂದು ಸಲ ನಿಂತು ನೋಡಿ. ಕೇಬಲ್ಲಿನ ಅತಿ ಕೆಳಗಿನ ಬಿಂದು ಯಾವುದರ ಮುಂದೆ ಬರುತ್ತದೆ ಅನ್ನುವುದನ್ನೇ ಗಮನಿಸಿ. ಅಷ್ಟು ಸಿಗದಿದ್ದರೆ ಹತ್ತು ನಿಮಿಷ ಕಾಯಿರಿ, ಒಂದು ಮೋಡ ಹಿಂದಿನ ಮರಗಳ ಮೇಲೆ ನೆರಳು ಹಾಕಿದರೂ ಸಾಕು.

ಉಕ್ಕಿನ ಬಗ್ಗೆ ಒಂದು ಮಾತು. ತುಕ್ಕು ಹಿಡಿಯದಿರಲಿ ಅಂತ ಕೇಬಲ್ಲಿಗೆ, ಸರಳುಗಳಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಇದಕ್ಕೆ ತನ್ನದೇ ಬಣ್ಣ ಕಡಿಮೆ, ಎದುರಿಗಿದ್ದ ಬೆಳಕಿನ ಬಣ್ಣವನ್ನೇ ತೋರಿಸುತ್ತದೆ. ಮೋಡದ ದಿನ ಬೂದು, ನೀಲಿ ಆಕಾಶದ ಕೆಳಗೆ ತುಸು ನೀಲಿ, ಸಂಜೆ ಬಂಗಾರ.

ಕೆಲವರು ಹೊಳಪು ತೆಗೆಯಲು ಪೋಲರೈಸರ್ ಕೊಂಡುಕೊಳ್ಳುತ್ತಾರೆ. ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಫಿಲ್ಟರ್ ಇದು. ನೀರಿನ ಹೊಳಪು, ಒದ್ದೆ ಎಲೆಯ ಹೊಳಪು, ಬಣ್ಣ ಬಳಿದ ಕಂಬದ ಹೊಳಪನ್ನು ಇದು ಚೆನ್ನಾಗಿ ತೆಗೆಯುತ್ತದೆ. ಬರಿಯ ಲೋಹದ ಹೊಳಪನ್ನು ತೆಗೆಯುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಸ್ಟೀಲ್ ರೇಲಿಂಗ್ ಚುಚ್ಚುತ್ತಿದ್ದರೆ ನೀವೇ ಜಾಗ ಬದಲಿಸಬೇಕು.

5. ಬೆಳಕು ಹೊಂದಿಸಿ

ಎಕ್ಸ್‌ಪೋಷರ್ ಅಂದರೆ ಕ್ಯಾಮೆರಾದೊಳಗೆ ಬಿಟ್ಟುಕೊಳ್ಳುವ ಬೆಳಕಿನ ಅಳತೆ. ಫೋನಿನಲ್ಲಿ ಸೇತುವೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ. ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ, ಅದನ್ನು ಮೇಲೆ ಕೆಳಗೆ ಎಳೆಯಬಹುದು.

ಬಿಸಿಲಿದ್ದರೆ ಸ್ವಲ್ಪ ಕೆಳಗೆ ಎಳೆಯಿರಿ. ರೇಲಿಂಗಿನ ಹೊಳಪು ಒಮ್ಮೆ ಬೆಳ್ಳಗೆ ಸುಟ್ಟುಹೋದರೆ ಆಮೇಲೆ ಯಾವ ಆ್ಯಪ್ ಕೂಡ ಅದನ್ನು ತರುವುದಿಲ್ಲ. ಮಂಜಿದ್ದರೆ ಉಲ್ಟಾ, ಮೇಲೆ ಎಳೆಯಿರಿ. ಕ್ಯಾಮೆರಾ ಎಲ್ಲವನ್ನೂ ಬೂದು ಅಂದುಕೊಂಡು ಲೆಕ್ಕ ಹಾಕುತ್ತದೆ, ಹಾಗಾಗಿ ಬಿಳಿ ಮಂಜು ಕೊಳೆ ನೀರಿನ ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾದವರು ಎಕ್ಸ್‌ಪೋಷರ್ ಹೆಚ್ಚು–ಕಡಿಮೆ ಮಾಡುವ ಅಳತೆಯನ್ನು +0.7ರಿಂದ +1ರವರೆಗೆ ಇಟ್ಟುಕೊಳ್ಳಿ.

6. ಕಂಬ ವಾಲದಂತೆ ಹಿಡಿಯಿರಿ

ಕಂಬದ ತುದಿ ಸಿಗಲಿ ಅಂತ ಫೋನನ್ನು ಹಿಂದಕ್ಕೆ ವಾಲಿಸಿದ ಕೂಡಲೇ ಎರಡು ಕಂಬವೂ ಮೇಲೆ ಹೋಗುತ್ತಾ ಒಂದಕ್ಕೊಂದು ವಾಲುತ್ತವೆ. ಸೇತುವೆ ಬೀಳುವ ಹಾಗೆ ಕಾಣುತ್ತದೆ. ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ, ಫೋನನ್ನು ಗೋಡೆಯ ಕ್ಯಾಲೆಂಡರಿನ ಹಾಗೆ ನೆಟ್ಟಗೆ ಹಿಡಿಯಿರಿ. ತುದಿ ಸಿಗದಿದ್ದರೆ ಹಿಂದೆ ಹೋಗಿ, ಅಥವಾ ಫೋನನ್ನು ಉದ್ದಕ್ಕೆ ತಿರುಗಿಸಿ. ಸ್ವಲ್ಪ ವಾಲಿದ್ದರೆ ಸ್ನ್ಯಾಪ್‌ಸೀಡ್ ಅನ್ನುವ ಫೋಟೊ ತಿದ್ದುವ ಆ್ಯಪ್‌ನ ಪರ್ಸ್ಪೆಕ್ಟಿವ್‌ನಲ್ಲಿ ಸರಿಮಾಡಬಹುದು, ಆದರೆ ಅಂಚು ಕತ್ತರಿಸಿ ಹೋಗುತ್ತದೆ. ಅದಕ್ಕೆ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಿ.

7. ಸೇತುವೆ ಮೇಲೆ ಹೋಗಲೇಬೇಕು ಅಂದರೆ

ಹೋಗಿ, ನಾನೂ ಹೋಗುತ್ತೇನೆ. ನಿಸರ್ಗಧಾಮದ ಸುಮಾರು 64 ಎಕರೆಯ ದ್ವೀಪಕ್ಕೆ ದಾರಿಯೇ ಅದು. ಆದರೆ ಮೂರು ತೊಡಕು ಇವೆ.

ಅಲುಗಾಟ. ಯಾರೋ ಒಬ್ಬರು ಆ ತುದಿಯಲ್ಲಿ ಹೆಜ್ಜೆ ಹಾಕಿದರೂ ನಿಮ್ಮ ಕಾಲ ಕೆಳಗೆ ಅಲೆ ಬರುತ್ತದೆ. ಶಟರ್ ವೇಗ, ಅಂದರೆ ಬೆಳಕಿನ ಬಾಗಿಲು ತೆರೆದಿರುವ ಹೊತ್ತು, ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಇಲ್ಲಿ ಟ್ರೈಪಾಡ್ ಪ್ರಯೋಜನಕ್ಕಿಲ್ಲ, ಅದೂ ಸೇತುವೆಯ ಜೊತೆಗೇ ಅಲುಗುತ್ತದೆ. ನಡೆಯುವವರಿಗೂ ಅಡ್ಡ. ಫೋನಾದರೆ ಮಂಡಿ ಸ್ವಲ್ಪ ಮಡಚಿ, ಮೊಣಕೈ ಮೈಗೆ ಒತ್ತಿ, ನಾಲ್ಕೈದು ಫೋಟೊ ಒಟ್ಟಿಗೆ ತೆಗೆಯಿರಿ. ಒಂದಾದರೂ ಗಟ್ಟಿ ಬರುತ್ತದೆ.

ಜಾಲರಿ. ಅದರ ಮೂಲಕ ನದಿಯನ್ನು ತೆಗೆಯಲು ಹೋದರೆ ಫೋಕಸ್ ತಂತಿಯ ಮೇಲೆ ಕೂರುತ್ತದೆ. ಲೆನ್ಸನ್ನು ಜಾಲರಿಯ ಒಂದು ಕಣ್ಣಿಗೆ ಅಂಟಿಸಿ ಹಿಡಿದರೆ ತಂತಿ ಕಾಣುವುದೇ ಇಲ್ಲ. ಫೋನ್ ದಾರ ಕೈಗೆ ಸಿಕ್ಕಿಸಿಕೊಂಡಿರಬೇಕು. ದೂರದಿಂದ ಇಡೀ ಜಾಲರಿ ತೆಗೆದಾಗ ಕೆಲವು ಸಲ ರೇಷ್ಮೆ ಸೀರೆಯ ಮೇಲೆ ಕಾಣುವಂಥ ಅಲೆ ಅಲೆ ಗೆರೆ ಬರುತ್ತದೆ. ಇದಕ್ಕೆ ಮೊಆರೆ ಅನ್ನುತ್ತಾರೆ. ಜಾಲರಿಯ ಸಾಲೂ ಕ್ಯಾಮೆರಾದೊಳಗಿನ ಸಾಲೂ ಒಂದಕ್ಕೊಂದು ಸಿಕ್ಕಿಕೊಂಡಾಗ ಆಗುವುದು. ಚಿತ್ರವನ್ನು ಹಿಗ್ಗಿಸಿ ನೋಡಿ. ಹಿಗ್ಗಿಸಿದಾಗ ಹೋದರೆ ಅದು ಪರದೆಯ ದೋಷ, ಸುಮ್ಮನಿರಿ. ಹೋಗದಿದ್ದರೆ ಎರಡು ಹೆಜ್ಜೆ ಮುಂದೆ ಅಥವಾ ಹಿಂದೆ ಹೋಗಿ ಮತ್ತೆ ತೆಗೆಯಿರಿ.

ಮೂರನೆಯದು ಜನ. ಗ್ರೂಪ್ ಫೋಟೊಗೆ ಇಡೀ ಬಸ್ಸಿನವರನ್ನು ಸೇತುವೆ ನಡುವೆ ನಿಲ್ಲಿಸಬೇಡಿ. ಬೇಕೆಂದೇ ಕುಲುಕಿ ವಿಡಿಯೊ ಮಾಡಬೇಡಿ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಹರಿದು ಬಿದ್ದು 130ಕ್ಕೂ ಜಾಸ್ತಿ ಜನ ಸತ್ತರು, ಆಗ ಅದರ ಮೇಲೆ ನೂರಾರು ಜನ ಇದ್ದರು. ಎಷ್ಟು ಜನ ಹೋಗಬಹುದು ಅಂತ ಫಲಕ ಇದ್ದರೆ ಅದನ್ನು ಪಾಲಿಸಿ. ಊರಿನ ಸೇತುವೆಯಲ್ಲಿ ಶಾಲೆ ಮಕ್ಕಳು, ತೋಟದ ಕೆಲಸಕ್ಕೆ ಹೋಗುವವರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಅವರ ಫೋಟೊ ಬೇಕಾದರೆ "ಅಕ್ಕಾ, ಒಂದು ತೆಗೆಯಲಾ?" ಅಂತ ಕೇಳಿದರೆ ಸಾಕು. ಹೆಚ್ಚಿನವರು ಬೇಡ ಅನ್ನುವುದಿಲ್ಲ, ಬೇಡ ಅಂದರೆ ಬಿಟ್ಟುಬಿಡಿ.

ಡ್ರೋನ್ ಬಗ್ಗೆ ಕೇಳುವವರಿಗೆ: ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಹಾರಿಸಬೇಡಿ.

8. ಹಾಲಿನಂತೆ ಹರಿಯುವ ನೀರು

ಇದು ದಡದಿಂದ ಮಾತ್ರ. ಟ್ರೈಪಾಡ್ ಮೇಲಿಟ್ಟು ಶಟರನ್ನು ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡ್ ತೆರೆದಿಡಿ. ಹಗಲಲ್ಲಿ ಬೆಳಕು ಜಾಸ್ತಿಯಾಗಿ ಚಿತ್ರ ಬೆಳ್ಳಗಾಗುತ್ತದೆ, ಆಗ ಎನ್‌ಡಿ ಫಿಲ್ಟರ್ ಬೇಕು. ಕ್ಯಾಮೆರಾಗೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ. ಗುಂಡಿ ಒತ್ತುವಾಗ ಅಲುಗದಂತೆ 2 ಸೆಕೆಂಡಿನ ಟೈಮರ್ ಇಡಿ. ಸೇತುವೆ ಮೇಲೆ ಯಾರೂ ಇಲ್ಲದ ಹೊತ್ತು ನೋಡಿ ಒತ್ತಿ. ಯಾರಾದರೂ ನಡೆಯುತ್ತಿದ್ದರೆ ಕೇಬಲ್ ಎರಡೆರಡಾಗಿ ಬರುತ್ತದೆ. ತುಂಬಾ ಹೊತ್ತು ತೆರೆದಿಟ್ಟರೆ ನೀರು ಬರೀ ಹೊಗೆಯಾಗುತ್ತದೆ, ನನಗದು ಇಷ್ಟವಿಲ್ಲ.

ಸೇತುವೆಗೆ ದೀಪ ಹಾಕಿದ್ದರೆ ಸೂರ್ಯ ಮುಳುಗಿದ ಮೇಲೆ ಇಪ್ಪತ್ತು–ಇಪ್ಪತ್ತೈದು ನಿಮಿಷ ಮಾತ್ರ ಆಕಾಶ ಗಾಢ ನೀಲಿಯಾಗಿರುತ್ತದೆ. ನಮ್ಮ ಕಡೆ ಕತ್ತಲೆ ಬೇಗ ಇಳಿಯುತ್ತದೆ, ಮೊದಲೇ ಟ್ರೈಪಾಡ್ ಹಾಕಿ ಕಾಯಿರಿ. ಕೈಯಲ್ಲಿ ಹಿಡಿದು ತೆಗೆದ ಫೋಟೊದಲ್ಲಿ ಅಡ್ಡ ಪಟ್ಟಿ ಬಂದರೆ ಅದು ದೀಪದ ಮಿಣುಕು. ಶಟರನ್ನು ಸೆಕೆಂಡಿನ 50 ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಹೋಗುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದ್ದು, ಅದಕ್ಕೆ ಈ ಅಂಕಿ.

9. ಇಷ್ಟಾದ ಮೇಲೆ ಹತ್ತಿರ ಹೋಗಿ

ದೊಡ್ಡ ಚಿತ್ರ ಸಿಕ್ಕಿತಲ್ಲ, ಈಗ ದಡದ ಕಂಬದ ಬುಡಕ್ಕೆ ಬನ್ನಿ. ಕೇಬಲ್ ತಿರುಗಿ ತನ್ನ ಮೇಲೇ ಮಡಚಿಕೊಳ್ಳುವ ಕಡೆ ಸಾಲಾಗಿ ಕ್ಲಾಂಪುಗಳಿರುತ್ತವೆ, ಒಂದೊಂದಕ್ಕೂ ಎರಡೆರಡು ನಟ್ಟು. ಹತ್ತಿರದಿಂದ ನೋಡಿದರೆ ಕೇಬಲ್ ಒಂದು ಹಗ್ಗವಲ್ಲ. ಸಣ್ಣ ತಂತಿಗಳ ಎಳೆ, ಅಂಥ ಎಳೆಗಳ ಜಡೆ. ಮಂಜು ಬಿದ್ದ ಬೆಳಿಗ್ಗೆ ಪ್ರತಿ ನಟ್ಟಿನ ಕೆಳಗೆ ಒಂದು ಹನಿ ನೇತಾಡುತ್ತಿರುತ್ತದೆ. ಆ ಹನಿಯೊಳಗೆ ಆಚೆ ದಡ ತಲೆಕೆಳಗಾಗಿ ಕಾಣುತ್ತದೆ. ಜಾಲರಿಯ ಕಣ್ಣುಗಳಲ್ಲಿ ಜೇಡ ಇನ್ನೊಂದು ಜಾಲರಿ ಹೆಣೆದಿರುತ್ತದೆ.

ಫೋನಿನಲ್ಲಿ ಮ್ಯಾಕ್ರೊ ಗುರುತು ಬರುವವರೆಗೆ ಹತ್ತಿರ ಹೋಗಿ. ಸೂರ್ಯ ಎದುರಿಗಿದ್ದರೆ ಹನಿ ಹೊಳೆಯುತ್ತದೆ. ಬೇಗ ತೆಗೆಯಿರಿ, ಬಿಸಿಲು ಬಂದು ಅರ್ಧ ಗಂಟೆಯಲ್ಲಿ ಎಲ್ಲ ಆರಿಹೋಗುತ್ತದೆ.

ಕಾರಿನ ಎಸಿಯಿಂದ ಇಳಿದ ತಕ್ಷಣ ಲೆನ್ಸ್ ಮಸುಕಾದರೆ ಗಾಬರಿ ಬೇಡ, ಒರೆಸಲೂ ಬೇಡ. ಹತ್ತು ನಿಮಿಷ ಹೊರಗಿಟ್ಟರೆ ತಾನಾಗಿ ಹೋಗುತ್ತದೆ.

10. ಮನೆಗೆ ಬಂದ ಮೇಲೆ

ಕೊಡಗಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ದೊಡ್ಡ ಶತ್ರು ಬೂಷ್ಟು. ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಚಪ್ಪಲಿಗೂ, ಬೆಲ್ಟಿಗೂ, ಲೆನ್ಸಿಗೂ ಒಂದೇ ಗತಿ. ಸೇತುವೆಯಿಂದ ಬಂದ ಒದ್ದೆ ಚೀಲದಲ್ಲೇ ಎರಡು ತಿಂಗಳು ಬಿಟ್ಟ ನನ್ನ ಒಂದು ಲೆನ್ಸಿನೊಳಗೆ ಜೇಡರ ಬಲೆಯಂಥ ಬಿಳಿ ಎಳೆ ಹರಡಿ, ರಿಪೇರಿಗೆ ಹೊಸ ಲೆನ್ಸಿನ ಅರ್ಧ ದುಡ್ಡು ಹೋಯಿತು.

ಬಂದ ಕೂಡಲೇ ಚೀಲ ಖಾಲಿ ಮಾಡಿ. ಕ್ಯಾಮೆರಾ ಒರೆಸಿ ಫ್ಯಾನಿನ ಕೆಳಗೆ ಒಂದು ಗಂಟೆ ಇಡಿ. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ. ಬಣ್ಣ ಬದಲಾಗುವ ಜೆಲ್ ತಗೊಳ್ಳಿ. ನೀಲಿ ಇದ್ದದ್ದು ಗುಲಾಬಿ ಆದರೆ ತೇವ ಕುಡಿದು ತುಂಬಿದೆ ಅಂತ ಅರ್ಥ. ಸಣ್ಣ ಉರಿಯಲ್ಲಿ ಹಳೇ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಗೆ ಬರುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಕ್ಯಾಮೆರಾ ಡಬ್ಬಿಯ ಪಕ್ಕದಲ್ಲೇ ಇಟ್ಟುಬಿಡಿ.